ಯುದ್ಧ, ಪಿಡುಗು: ಸತ್ತವರ ಪಾಲು ಲೆಕ್ಕ ಹಾಕೋದು ಹೇಗೆ?

ಬೆಣ್ಣೆದೋಸೆ_17: ಎರಡನೇ ಮಹಾಯುದ್ಧದ ಸೋವಿಯತ್ ಒಕ್ಕೂಟ, 1918ರ ಇನ್‌ಫ್ಲುಯೆಂಜಾದ ಭಾರತ, ಜನಸಂಖ್ಯೆಯ ಪಾಲು ನೋಡಿದರೆ ಯಾವುದಕ್ಕೆ ಹೆಚ್ಚು ಏಟು? ದಾವಣಗೆರೆ ಜಿಲ್ಲೆಯ ಹಳೇ ಅಂಕಿಗಳೂ ಬೇಕಿತ್ತು.

ಕೋಟೆ_ಬುರುಜು: ಸೋವಿಯತ್‌ಗೆ. 1941ರಲ್ಲಿ ಸುಮಾರು 19.67 ಕೋಟಿ ಜನ, ನಷ್ಟ 2.66 ಕೋಟಿ, ಅಂದರೆ ಶೇ. 13.5. ಅವಿಭಜಿತ ಭಾರತದ 31.5 ಕೋಟಿಯಲ್ಲಿ (1911ರ ಗಣತಿ) ಜ್ವರಕ್ಕೆ ಸತ್ತವರು 1.2ರಿಂದ 2 ಕೋಟಿ ಅಂತ ಅಂದಾಜು. ಶೇ. 4ರಿಂದ 6. ಆದರೆ ಯುದ್ಧ ನಡೆದದ್ದು 47 ತಿಂಗಳು, ಜ್ವರದ ಹೆಚ್ಚಿನ ಸಾವು 1918ರ ಕೊನೆಯ ನಾಲ್ಕೇ ತಿಂಗಳಲ್ಲಿ. ತಿಂಗಳ ಲೆಕ್ಕಕ್ಕೆ ಇಳಿಸಿದರೆ ಉತ್ತರ ತಿರುಗುಮುರುಗು.

ಗಣತಿಪ್ರಿಯ: ಎರಡು ಗಣತಿ ಕಳೆದು ನೋಡಿ ಮೋಸ ಹೋಗಬೇಡಿ. ಈಗಿನ ಭಾರತದ ಗಡಿಯೊಳಗೆ 1911ರಲ್ಲಿ 25.21 ಕೋಟಿ, 1921ರಲ್ಲಿ 25.13. ಇಳಿಕೆ ಬರೀ 8 ಲಕ್ಷ! ಉಳಿದ ವರ್ಷಗಳ ಜನನ ಅಷ್ಟೂ ಸಾವನ್ನು ಮುಚ್ಚಿಹಾಕಿದೆ. ಮಾಮೂಲಿ ವರ್ಷದ ಸಾವು ಕಳೆದು, ಮಿಕ್ಕ ಹೆಚ್ಚುವರಿ ಸಾವನ್ನೇ ಹಿಡಿಯಬೇಕು.

ಕೋಟೆ_ಬುರುಜು: ಉಲ್ಟಾ ತಪ್ಪೂ ಆಗುತ್ತೆ. ಮೈಸೂರು ಸಂಸ್ಥಾನ 1871ರಲ್ಲಿ 50.55 ಲಕ್ಷ, 1881ರಲ್ಲಿ 41.86 ಲಕ್ಷ, ಶೇ. 17 ಕುಸಿತ. 1876–78ರ ಬರ, ಜೊತೆಗೆ ಕಾಲರಾ. ಆದರೆ ಹುಟ್ಟದೇ ಹೋದ ಮಕ್ಕಳು, ಗುಳೆ ಹೋದವರೂ ಅದರಲ್ಲಿ ಸೇರಿದ್ದಾರೆ.

ಗಣತಿಪ್ರಿಯ: ಜಿಲ್ಲೆ ವಿಷಯ: ದಾವಣಗೆರೆ ಆದದ್ದೇ 1997ರಲ್ಲಿ. ದಾವಣಗೆರೆ, ಹರಿಹರ, ಜಗಳೂರನ್ನು ಚಿತ್ರದುರ್ಗದಲ್ಲಿ, ಚನ್ನಗಿರಿ, ಹೊನ್ನಾಳಿಯನ್ನು ಶಿವಮೊಗ್ಗದಲ್ಲಿ ಹುಡುಕಿ. ಹರಪನಹಳ್ಳಿ ಬೇಕಿದ್ದರೆ ಮದರಾಸು ಪ್ರಾಂತ್ಯದ ಬಳ್ಳಾರಿ. ಮೈಸೂರಿನ ಪುಸ್ತಕದಲ್ಲಿ ಸಿಗಲ್ಲ.