ಮಾವಿನ ಗಿಡದಿಂದ ಅಂಟು ಸೋರುತ್ತಿದೆ ಸರ್

(ಗುಂಪಿನ ಚಾಟ್. ಬರೆದವರನ್ನು ಅವರ ಊರಿನ ಹೆಸರಿನಿಂದ ಗುರುತಿಸಿದೆ.)

ನವನಗರ, ಬಾಗಲಕೋಟೆ: ಸರ್, ಮನೆ ಮುಂದೆ ನೆರಳಿಗೆಂದು ಹಚ್ಚಿದ ಮಾವು. ಕಾಂಡ ಈಗ ಮುಂಗೈ ದಪ್ಪ. ಬುಡದಿಂದ ಗೇಣು ಮೇಲೆ ಕಂದು ಅಂಟು ಸೋರುತ್ತಿದೆ. ಕೆಳಗೆ ಕಟ್ಟಿಗೆ ಹೊಟ್ಟು ಬಿದ್ದಿದೆ.

ತೋಟಗಾರಿಕೆ ಅಧಿಕಾರಿ (ನಿವೃತ್ತ): ಹೊಟ್ಟು ಹಸಿಯಾ, ಒಣಗಿದೆಯಾ?

ನವನಗರ: ಹಸಿ. ನಿನ್ನೆ ಗುಡಿಸಿದೆ, ಇವತ್ತು ಮತ್ತೆ ಬಿದ್ದಿದೆ.

ಅಧಿಕಾರಿ: ಹಾಗಾದರೆ ಹುಳು ಒಳಗೇ ಇದೆ, ತಿನ್ನುತ್ತಿದೆ. ಕಾಂಡ ಕೊರೆಯುವ ಹುಳು. ಉದ್ದ ಮೀಸೆಯ ದುಂಬಿ ತೊಗಟೆ ಸೀಳಿ ಮೊಟ್ಟೆ ಇಡುತ್ತದೆ. ಮರಿ ಒಳಗೆ ಸುರಂಗ ಕೊರೆಯುತ್ತದೆ. ಇಷ್ಟು ಎಳೆ ಕಾಂಡ ಜೋರು ಗಾಳಿಗೆ ಮುರಿದೀತು, ನನಗೆ ಅದೇ ಚಿಂತೆ. ಇವತ್ತೇ ಅಂಟು ಕೆರೆದು ತೂತು ಹುಡುಕಿ. ಸೈಕಲ್ ಕಡ್ಡಿ ತೂರಿಸಿ ನಿಧಾನಕ್ಕೆ ತಿರುಗಿಸಿ. ಹುಳಕ್ಕೆ ಚುಚ್ಚಿದರೆ ತುದಿಗೆ ಬಿಳಿ ರಸ ಹತ್ತುತ್ತದೆ. ಆಮೇಲೆ ಪೆಟ್ರೋಲ್ ಅದ್ದಿದ ಹತ್ತಿ ತುರುಕಿ, ಹಸಿ ಮಣ್ಣು ಮೆತ್ತಿ. ಬೀಡಿ ಹಚ್ಚಿಕೊಂಡು ಹತ್ತಿರ ಹೋಗಬೇಡಿ. ಎರಡು ದಿನ ಬಿಟ್ಟು ಹೊಸ ಹೊಟ್ಟು ಬಿದ್ದರೆ ಇನ್ನೊಂದು ತೂತಿದೆ ಅಂತಲೇ ಲೆಕ್ಕ.

ಇಂಡಿ: ನಮ್ಮ ಬೇವಿನಲ್ಲೂ ಅಂಟು. ಏನು ಹೊಡೆಯಲಿ?

ಅಧಿಕಾರಿ: ತೂತು, ಹೊಟ್ಟು ಇಲ್ಲದಿದ್ದರೆ ಏನೂ ಬೇಡ. ಪೆಟ್ಟು ಬಿದ್ದರೆ ಬೇವು ಗೋಂದು ಬಿಡುತ್ತದೆ.

ಜಮಖಂಡಿ: (ಫಾರ್ವರ್ಡ್) ಕಾಂಡಕ್ಕೆ ಮೊಳೆ ಹೊಡೆದು ಇಂಗು ತುಂಬಿ, ಗಾಡಿಯ ಸುಟ್ಟ ಆಯಿಲ್ ಬಳಿಯಿರಿ. ಹುಳು ಜನ್ಮದಲ್ಲಿ ಬರುವುದಿಲ್ಲ!!

ಅಧಿಕಾರಿ: ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಮೊಳೆ ಅಂದರೆ ಇನ್ನೊಂದು ಗಾಯ. ಆಯಿಲ್ ಎಳೆ ತೊಗಟೆ ಸುಡುತ್ತದೆ. ಹಚ್ಚಲೇಬೇಕೆಂದರೆ ಬೋರ್ಡೋ ಪೇಸ್ಟ್: ಮೈಲುತುತ್ತು (ಕಾಪರ್ ಸಲ್ಫೇಟ್) 1 ಕಿಲೊ, ಸುಣ್ಣ 1 ಕಿಲೊ, ನೀರು 10 ಲೀಟರ್. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಲಸಿ, ಕಬ್ಬಿಣದ್ದು ಬೇಡ. ಅದೂ ಹುಳು ಸತ್ತ ಮೇಲೆ.

ಜಮಖಂಡಿ: ನಮ್ಮ ಮಾವ ಆಯಿಲ್ ಹಚ್ಚಿಯೇ ಹತ್ತು ಗಿಡ ಉಳಿಸಿದ್ದಾರೆ.

ಗೋಕಾಕ: ಗೆದ್ದಲಿಗೆ ಹಚ್ಚಿರಬೇಕು ರೀ. ಅದು ಬೇರೆ, ಇದು ಬೇರೆ.

ಜಮಖಂಡಿ: ನೀವೇನು ಅಗ್ರಿ ಓದಿದ್ದೀರಾ?

ಗೋಕಾಕ: ಸರ್ ಬರೆದದ್ದನ್ನಂತೂ ಓದಿದ್ದೇನೆ.

ಮುಧೋಳ: ಜಗಳ ಆಮೇಲೆ. ಗುಲ್‌ಮೊಹರ್ ಕಾಂಡದ ಮೇಲೆ ಬಲೆ, ಅದಕ್ಕೆ ಹೊಟ್ಟು ಅಂಟಿದೆ. ಅದೇ ಹುಳುನಾ?

ಅಧಿಕಾರಿ: ಅಲ್ಲ, ಇದು ತೊಗಟೆ ತಿನ್ನುವ ಹುಳು. ಹಗಲು ತೂತಿನಲ್ಲಿ ಅಡಗಿ, ರಾತ್ರಿ ಆ ಬಲೆಯ ಕೆಳಗೇ ತೊಗಟೆ ಮೇಯುತ್ತದೆ. ಬಲೆ ಕಿತ್ತುಹಾಕಿ. ಉಳಿದದ್ದು ಅದೇ ಕಡ್ಡಿ, ಅದೇ ಹತ್ತಿ.

ತಾಳಿಕೋಟೆ: ಹೊಂಗೆ ಎಲೆ ತುಂಬ ಗುಳ್ಳೆ ಸರ್, ಯಾಕೆ?

ಇಂಡಿ: ಸರ್, ಬೇವಿಗೆ ಏನು ಹೊಡೆಯಲಿ ಹೇಳಲೇ ಇಲ್ಲ.

ಅಧಿಕಾರಿ: ಮೇಲೆ ಓದಿ.

ಜಮಖಂಡಿ: ಮಾವನ ಗಿಡಗಳ ಫೋಟೊ ಹಾಕಲಾ?

ಗೋಕಾಕ: ಬೇಡ.

ನವನಗರ: ಸರ್, ಕಡ್ಡಿಗೆ ಬಿಳಿ ಹತ್ತಿತು! ಆದರೆ ಹಿಂಬದಿ ಇನ್ನೊಂದು ತೂತಿದೆ.

ಅಧಿಕಾರಿ: ಅದಕ್ಕೂ ಹಾಗೇ ಮಾಡಿ. ಪಕ್ಕದಲ್ಲಿ ಬಿದಿರು ಊರಿ, ಹಳೇ ಸೀರೆ ಪಟ್ಟಿಯಿಂದ ಸಡಿಲಾಗಿ ಕಟ್ಟಿ. ತಂತಿ ಬೇಡ.