ಹಂಗಾಮಿಗೆ ಊರಿಗೆ ಹೋಗುವವರಿಗೆ ಕಸುಬು ತರಗತಿ: ಕ್ರೀ ಜನರ ಪದ್ಧತಿ ನಮ್ಮಲ್ಲಿ ನಡೆದೀತೆ?

ಚಿಖಲಿ_ರಾತ್ರಿವರ್ಗ (ಪುಣೆ):

ಚಿಖಲಿ, ಮೋಶಿ ಕಡೆಯ ಲೇಬರ್ ಕ್ಯಾಂಪಿನಲ್ಲಿ ನಮ್ಮದೊಂದು ರಾತ್ರಿ ವರ್ಗ ಇದೆ. ಬರುವವರು ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯ ಗವಂಡಿಗಳು, ಸೆಂಟ್ರಿಂಗ್‌ನವರು, ಹೆಲ್ಪರ್ ಹೆಣ್ಣುಮಕ್ಕಳು. ಓದು-ಬರಹ, ಲೆಕ್ಕದ ಜೊತೆ ಗವಂಡಿ ಕೆಲಸದ ತರಬೇತಿ. ಆರು ತಿಂಗಳ ಕೋರ್ಸ್ ಅಂತ ಹಾಕಿದರೆ ಮುಂಗಾರು ಬಿತ್ತನೆಗೆ ಅರ್ಧ ವರ್ಗ ಖಾಲಿ, ಎಳ್ಳಮಾಸಿ ಹೊತ್ತಿಗೆ ಇನ್ನರ್ಧ. ತಿರುಗಿ ಬಂದವರಿಗೆ ಮೊದಲಿನಿಂದ ಹೇಳಬೇಕು, ಇಲ್ಲೇ ಇದ್ದವರಿಗೆ ಅದೇ ಪಾಠ ಕೇಳಿ ಬೇಜಾರು.

ಕೆನಡಾದ ಕ್ರೀ ಆದಿವಾಸಿಗಳ ಊರುಗಳಲ್ಲಿ ಬೇಟೆ ಹಂಗಾಮಿಗೆ ಶಾಲೆಯೇ ಬಾಗಿಲು ಹಾಕುತ್ತದೆ, ಆದರೂ ವಯಸ್ಕರು ಸರ್ಕಾರಿ ಡಿಪ್ಲೊಮಾ ಪಡೆಯುತ್ತಾರೆ ಅಂತ ಓದಿದೆ. ಅದು ನಿಜಕ್ಕೂ ಹೇಗೆ ನಡೆಯುತ್ತದೆ? ಇಲ್ಲಿಗೆ ಯಾವುದು ಹೊಂದೀತು? ಕೊನೆಗೆ ಯಾವ ಸರ್ಟಿಫಿಕೇಟ್ ಕೊಡಿಸಿದರೆ ಅವರಿಗೆ ಕೂಲಿಯಲ್ಲಿ ನಾಲ್ಕು ಕಾಸು ಹೆಚ್ಚು ಸಿಕ್ಕೀತು?

ವಡಾಲಾ_ವಾಚಕ (ಮುಂಬಯಿ):

ಕ್ರೀ ಜನ ಅಲ್ಬರ್ಟಾದಿಂದ ಕ್ವಿಬೆಕ್ ತನಕ ಹರಡಿದ್ದಾರೆ, ಎಲ್ಲ ಕಡೆ ಒಂದೇ ವ್ಯವಸ್ಥೆ ಇಲ್ಲ. ನೀವು ಓದಿದ್ದು ಕ್ವಿಬೆಕ್ ಉತ್ತರದ ಈಯೂ ಇಸ್ಚೀ ನಾಡಿನ ಒಂಬತ್ತು ಊರುಗಳ ವಿಷಯ ಇರಬೇಕು. 1971ರಲ್ಲಿ ಸರ್ಕಾರ ಅಲ್ಲಿ ಭಾರೀ ಜಲವಿದ್ಯುತ್ ಯೋಜನೆ ಘೋಷಿಸಿತು. ಕ್ರೀಗಳು ಕೋರ್ಟು ಹತ್ತಿದರು. 1975ರ ನವೆಂಬರಿನಲ್ಲಿ ಜೇಮ್ಸ್ ಬೇ ಒಪ್ಪಂದಕ್ಕೆ ಸಹಿ ಬಿತ್ತು. ಅದರ 16ನೇ ಅಧ್ಯಾಯ ಪೂರ್ತಿ ಕ್ರೀ ಶಿಕ್ಷಣದ್ದು, 1978ರಲ್ಲಿ ಹುಟ್ಟಿದ ಕ್ರೀ ಸ್ಕೂಲ್ ಬೋರ್ಡಿಗೆ ಅದೇ ಬುನಾದಿ. ವರ್ಷಕ್ಕೆ ಇಷ್ಟು ದಿನ ಶಾಲೆ ನಡೆಯಲೇಬೇಕು ಎಂಬ ಮಿತಿ ಬಿಟ್ಟರೆ ಕ್ಯಾಲೆಂಡರ್ ಹಾಕುವ ಅಧಿಕಾರ ಬೋರ್ಡಿನದೇ. ವಸಂತದಲ್ಲಿ ಹೆಬ್ಬಾತು ಬೇಟೆಗೆ, ಶರತ್ಕಾಲದಲ್ಲಿ ಮೂಸ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ರಜೆ ಬೀಳುವುದು ಹೀಗೆ. ಯಾರದೋ ಔದಾರ್ಯದಿಂದ ಸಿಕ್ಕ ರಜೆ ಅಲ್ಲ ಅದು, ಕಾಗದದ ಮೇಲೆ ಬರೆಸಿಕೊಂಡ ಹಕ್ಕು.

ವಯಸ್ಕರ ಶಿಕ್ಷಣಕ್ಕೆ ಬೋರ್ಡಿನದೇ ಸಬ್ತುವಾನ್ ಎಂಬ ವಿಭಾಗ. ಕಸುಬು ತರಬೇತಿಯ ಪ್ರಾದೇಶಿಕ ಕೇಂದ್ರ ವಾಸ್ವಾನಿಪಿಯಲ್ಲಿದೆ. ಬೇರೆ ಊರಿನವರು ನೂರಾರು ಕಿಲೋಮೀಟರ್ ದಾಟಿ ಅಲ್ಲಿಗೆ ಬರಬೇಕು. ವಾಪ್ಮಗೂಸ್ಟುಯಿ ಊರಿಗಂತೂ ರಸ್ತೆಯೇ ಇಲ್ಲ, ಹೆಚ್ಚಾಗಿ ವಿಮಾನವೇ ಗತಿ.

ನಿಮಗೆ ಬೇಕಾದ ಗುಟ್ಟು ಕೋರ್ಸಿನ ಒಳರಚನೆಯಲ್ಲಿದೆ. ಕ್ವಿಬೆಕ್‌ನ ಬಡಗಿ ಡಿಪ್ಲೊಮಾ 1350 ಗಂಟೆ, ಎಲೆಕ್ಟ್ರಿಷಿಯನ್ನದು 1800. ಇವೆಲ್ಲ ಸಣ್ಣ ಸಣ್ಣ ಘಟಕಗಳಾಗಿ ಒಡೆದಿರುತ್ತವೆ. ಪ್ರತಿ ಘಟಕಕ್ಕೆ ಅದರದೇ ಗಂಟೆ, ಅದರದೇ ಪರೀಕ್ಷೆ. 15 ಗಂಟೆಗೆ ಒಂದು ಕ್ರೆಡಿಟ್ ಲೆಕ್ಕ, ಅಂದರೆ ಬಡಗಿಗೆ 90. ನಡುವೆ ಬಿಟ್ಟು ಹೋದರೂ ಪಾಸಾದ ಘಟಕ ಖಾತೆಯಲ್ಲಿ ಉಳಿಯುತ್ತದೆ. ಇನ್ನೊಂದು ಮಾತು: ಆ ಡಿಪ್ಲೊಮಾ ಮಾಂಟ್ರಿಯಲ್‌ನಲ್ಲಿ ಕಲಿತವನಿಗೆ ಸಿಗುವಂಥದ್ದೇ, ಆದಿವಾಸಿಗಳಿಗೆಂದು ಮಾಡಿದ ಕಡಿಮೆ ದರ್ಜೆಯದಲ್ಲ. ಆದರೆ ಅದೊಂದೇ ಸಾಲದು. ಬಡಗಿಯಾಗಿ ನುರಿತವ ಎನಿಸಿಕೊಳ್ಳಲು ತಲಾ 2000 ಗಂಟೆಯ ಮೂರು ಅವಧಿ ಅಪ್ರೆಂಟಿಸ್ ಆಗಿ ದುಡಿಯಬೇಕು, ಸೈಟಿಗೆ ಕಾಲಿಡುವ ಮೊದಲು 30 ಗಂಟೆಯ ಸುರಕ್ಷತಾ ಕೋರ್ಸ್ ಮುಗಿದಿರಬೇಕು.

ಕರಣಿ_ಒಳಂಬಾ (ಪುಣೆ):

ಘಟಕದ ಮಾತು ಸರಿ. ನಿಮ್ಮ ಆರು ತಿಂಗಳನ್ನು ಹತ್ತು-ಹನ್ನೆರಡು ತುಂಡು ಮಾಡಿ, ಒಂದೊಂದು ತುಂಡು ಎರಡು ವಾರದೊಳಗೆ ಮುಗಿಯಬೇಕು. ಒಂದು ಇನ್ನೊಂದರ ಮೇಲೆ ಆತುಕೊಂಡಿರಬಾರದು, ಆತುಕೊಂಡರೆ ಮತ್ತೆ ಅದೇ ರಗಳೆ. ಓದು-ಬರಹ ಒಂದು ಕಡೆ, ಕಸುಬು ಒಂದು ಕಡೆ ಅಂತ ಬೇರೆ ಮಾಡಲೇಬೇಡಿ.

ಕಾಂಕ್ರೀಟ್ ಮಾಲಿನ ತುಂಡನ್ನೇ ನೋಡಿ. 50 ಕೆಜಿ ಸಿಮೆಂಟ್ ಚೀಲ ಹತ್ತಿರ ಹತ್ತಿರ 35 ಲೀಟರ್ ಜಾಗ ಹಿಡಿಯುತ್ತದೆ. ಒಳಅಳತೆ 40, 35, 25 ಸೆಂಟಿಮೀಟರ್ ಇರುವ ಕಟ್ಟಿಗೆ ಫರ್ಮಾ (ಅಳತೆ ಪೆಟ್ಟಿಗೆ) ಮಾಡಿಸಿದರೆ ಸರಿಯಾಗಿ 35 ಲೀಟರ್. ಗುಣಾಕಾರ ಇಲ್ಲೇ ಕಲಿಸಿ, ಬೋರ್ಡಿನ ಮೇಲೆ ಬೇಡ. 1:1.5:3 ಮಾಲಿಗೆ ಒಂದು ಚೀಲಕ್ಕೆ ಒಂದೂವರೆ ಫರ್ಮಾ ಮರಳು, ಮೂರು ಫರ್ಮಾ ಖಡಿ (ಜಲ್ಲಿ). ದಶಾಂಶ ಬಂತಲ್ಲ? ನೀರು 25 ಲೀಟರ್ ಸುಮಾರು. ಸೈಟಿನಲ್ಲಿ ಎಡವುವುದು ಎರಡು ಕಡೆ. ಘಮೇಲದಿಂದ (ಮಾಲು ಹೊರುವ ಬುಟ್ಟಿ) ಅಳೆಯುತ್ತಾರೆ, ಒಬ್ಬ ಗೋಪುರ ಮಾಡಿ ತುಂಬುತ್ತಾನೆ, ಇನ್ನೊಬ್ಬ ಮಟ್ಟಸ. ಎರಡನೆಯದು ಹಸಿ ಮರಳು: ತುಸು ತೇವ ಇದ್ದರೆ ಮರಳು ಉಬ್ಬಿಕೊಂಡು ಕಾಲು ಭಾಗದಷ್ಟು ಹೆಚ್ಚು ಕಾಣುತ್ತದೆ, ಅಳತೆ ಸರಿ ಇದ್ದಂತೆ ತೋರಿದರೂ ಮಾಲಿಗೆ ಮರಳು ಕಡಿಮೆ ಬಿದ್ದಿರುತ್ತದೆ. ಗಾಜಿನ ಲೋಟದಲ್ಲಿ ಹಸಿ ಮರಳು ಹಾಕಿ, ಮಟ್ಟಕ್ಕೆ ಗೆರೆ ಎಳೆದು, ಮೇಲೆ ತುಂಬ ನೀರು ಹೊಯ್ದು ಕಲಕಿ ಬಿಡಿ. ಮರಳು ಕೆಳಗೆ ಇಳಿದು ಕೂರುತ್ತದೆ. ಒಂದು ಸಲ ಕಣ್ಣಾರೆ ಕಂಡರೆ ಮರೆಯುವುದಿಲ್ಲ.

ಇನ್ನೊಂದು ತುಂಡು ಮೂಲೆ ಮತ್ತು ಮಟ್ಟ. ದಾರದಲ್ಲಿ 90, 120, 150 ಸೆಂಟಿಮೀಟರ್ ಹಿಡಿದರೆ ಗುಣ್ಯಾ (ಮೂಲೆ ನೋಡುವ ಮೂಲೆಮಟ್ಟ) ಸುಳ್ಳು ಹೇಳುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ. ನೀರು ತುಂಬಿದ ಲೆವೆಲ್ ಪೈಪಿನಲ್ಲಿ ಗುಳ್ಳೆ ಉಳಿದರೆ ಮಟ್ಟ ತಪ್ಪುತ್ತದೆ. ಮೊದಲು ಎರಡೂ ತುದಿ ಅಕ್ಕಪಕ್ಕ ಹಿಡಿದು ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆಯೇ ನೋಡುವ ಅಭ್ಯಾಸ ಮಾಡಿಸಿ.

ಪಾಠ ಕನ್ನಡದಲ್ಲೇ ಇರಲಿ, ಸಾಮಾನಿನ ಹೆಸರು ಮಾತ್ರ ಸೈಟಿನಲ್ಲಿ ಕರೆಯುವ ಹಾಗೆಯೇ. ಖರ್ಚಿ (ವಾರದ ಖರ್ಚಿನ ಹಣ) ಸಿಗುವ ದಿನ ವರ್ಗ ಇಡಬೇಡಿ, ಸಂತೆಗೆ ಹೋಗುತ್ತಾರೆ.

ಶಿಕ್ಷಣ_ಕಟ್ಟೆ (ಮುಂಬಯಿ):

ಸರ್ಟಿಫಿಕೇಟ್ ಬಗ್ಗೆ ಹೇಳುತ್ತೇನೆ. ಹತ್ತನೇ ಇಯತ್ತೆ ಬೇಕೆನ್ನುವವರಿಗೆ ಎನ್‌ಐಒಎಸ್ (ಕೇಂದ್ರ ಸರ್ಕಾರದ ಮುಕ್ತ ಶಾಲೆ) ನೋಡಿ. ಕ್ರೀಗಳ ಘಟಕ ಪದ್ಧತಿಗೆ ನಮ್ಮಲ್ಲಿ ಹತ್ತಿರ ಬರುವುದು ಅದೇ. 14 ತುಂಬಿರಬೇಕು, ಮೇಲ್ಮಿತಿ ಇಲ್ಲ. ಐದು ವಿಷಯ, ಕನ್ನಡವನ್ನು ಭಾಷಾ ವಿಷಯವಾಗಿ ತೆಗೆದುಕೊಳ್ಳಬಹುದು. ನೋಂದಣಿ ಐದು ವರ್ಷ ಜೀವಂತ, ಒಂಬತ್ತು ಸಲ ಪರೀಕ್ಷೆಗೆ ಅವಕಾಶ, ಪಾಸಾದ ವಿಷಯ ಉಳಿಯುತ್ತದೆ. ಪರೀಕ್ಷೆ ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ. ಹಿಂಗಾರಿ ಜೋಳದ ಬಿತ್ತನೆ ಅಕ್ಟೋಬರಿಗೆ ತಾಗುತ್ತದೆ, ಆದ್ದರಿಂದ ನಿಮ್ಮವರನ್ನು ಏಪ್ರಿಲ್ ಪರೀಕ್ಷೆಗೇ ಕೂರಿಸಿ.

ಕೆಲಸ ಬಲ್ಲವನಿಗೆ ಕಾಗದ ಮಾತ್ರ ಇಲ್ಲ ಎಂದಾದರೆ ಆರ್‌ಪಿಎಲ್, ಅಂದರೆ ಈಗಾಗಲೇ ಕಲಿತ ಕೆಲಸಕ್ಕೆ ಮಾನ್ಯತೆ. ಕೈಕೆಲಸ ನೋಡಿ, ಪ್ರಶ್ನೆ ಕೇಳಿ ಪ್ರಮಾಣಪತ್ರ ಕೊಡುತ್ತಾರೆ. ಗವಂಡಿಗಳಿಗೆ ಗೋಡೆ ಕಟ್ಟುವುದರಲ್ಲಿ ತೊಂದರೆ ಇರುವುದಿಲ್ಲ, ಸಿಕ್ಕಿಬೀಳುವುದು ನಕ್ಷೆ ಓದುವಲ್ಲಿ ಮತ್ತು ಸುರಕ್ಷತೆಯ ಬಾಯಿಪ್ರಶ್ನೆಯಲ್ಲಿ. ಆ ಎರಡನ್ನೇ ಒಂದೊಂದು ತುಂಡು ಮಾಡಿ. ಕುಶಲಕರ್ಮಿಗಳಿಗೆಂದು ಇರುವ ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗವಂಡಿ ಕೆಲಸವೂ ಇದೆ: ಮೂಲ ತರಬೇತಿ 5ರಿಂದ 7 ದಿನ, ದಿನಕ್ಕೆ ₹500 ಭತ್ಯೆ, ಸಲಕರಣೆಗೆ ₹15,000. ಆದರೆ ಅದು ಸ್ವಂತ ಉದ್ಯೋಗದವರಿಗೆ, ಮನೆಗೊಬ್ಬರಿಗೆ ಮಾತ್ರ.

ಕಸುಬು ಕಲಿಸುವ ಜನ ಶಿಕ್ಷಣ ಸಂಸ್ಥಾನವನ್ನೂ ವಿಚಾರಿಸಿ, 15ರಿಂದ 45 ವಯಸ್ಸಿನವರಿಗೆ, ಅಕ್ಷರ ಬಾರದವರಿಗೂ ಅಲ್ಲಿ ಜಾಗ ಇದೆ. ಇದರ ಮೂಲರೂಪವಾದ ಮೊದಲ ಶ್ರಮಿಕ ವಿದ್ಯಾಪೀಠ 1967ರಲ್ಲಿ ಶುರುವಾದದ್ದು ನಮ್ಮ ಮುಂಬಯಿಯ ವರಳಿಯಲ್ಲೇ.

ಝುವಾರಿನಗರ_ಅಕ್ಕ (ಗೋವಾ):

ಎಲ್ಲಾ ಛಲೋ ಹೇಳೀರಿ, ಆದ್ರ ಕ್ರೀ ಮಂದಿಗೂ ನಮಗೂ ಒಂದು ಫರಕ್ ಐತಿ. ಅವರ ಕಲಿಕೆ ಅವರ ನೆಲದಾಗ, ಅವರದ ಬೋರ್ಡು. ನಮ್ಮವರು ಪರಊರಾಗ, ಗುತ್ತಿಗೆದಾರನ ಶೆಡ್ಡಿನಾಗ. ಮುಕಾದಂ (ಕೂಲಿಯವರ ಮೇಲಿನ ಮೇಸ್ತ್ರಿ) ಬ್ಯಾಡ ಅಂದ್ರ ವರ್ಗ ಬಂದ್. ಹಂಗಾಗಿ ಮೊದಲ ಅವನ ಕೂಡ ಮಾತಾಡ್ರಿ: ಓವರ್‌ಟೈಮ್ ಇದ್ದ ದಿನ ವರ್ಗ ಇಲ್ಲ, ಉಳಿದ ದಿನ ಎಂಟಕ್ಕ ಬಿಡಬೇಕು.

ಎರಡನೇದು, ಕಾರ್ಮಿಕ ಕಲ್ಯಾಣ ಮಂಡಳಿ ಕಾರ್ಡು. ವಯಸ್ಸು 18ರಿಂದ 60, ಹಿಂದಿನ 12 ತಿಂಗಳಾಗ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕ ದಾಖಲೆ ಬೇಕು. ಆ ಅರ್ಜಿ ತುಂಬೂದನ್ನ ಮೊದಲನೇ ಪಾಠ ಮಾಡ್ರಿ. ಹೆಸರು, ಊರು, ಹುಟ್ಟಿದ ತಾರೀಖು ಬರಿಯಾಕ ಕಲ್ತಂಗೂ ಆತು, ಕಾರ್ಡೂ ಆತು. ಆಧಾರದಾಗ ಒಂದು ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನಾಗ ಇನ್ನೊಂದು ಇದ್ರ ಅರ್ಜಿ ವಾಪಸ್ ಬರ್ತತಿ, ಅದನ್ನ ಮೊದಲ ತಿದ್ದಿಸ್ರಿ.

ಹೆಣ್ಣುಮಕ್ಕಳು ಬರಬೇಕಂದ್ರ ಕೂಸು ನೋಡಾಕ ಒಬ್ಬರು ಬೇಕ ಬೇಕು. ಅದಿಲ್ಲದ ಬರೀ ಪುಸ್ತಕ ಕೊಟ್ರ ಉಪಯೋಗಿಲ್ಲ.

ಚಿಖಲಿ_ರಾತ್ರಿವರ್ಗ:

ಎಲ್ಲರಿಗೂ ಧನ್ಯವಾದ. ಅಕ್ಕಾರ, ಅರ್ಜಿಯನ್ನೇ ಮೊದಲ ಪಾಠ ಮಾಡುವ ಮಾತು ಹಿಡಿಸಿತು. ಒಂದು ಸಂದೇಹ: ಯಾರು ಯಾವ ತುಂಡು ಮುಗಿಸಿದ್ದಾರೆ ಅನ್ನುವ ಲೆಕ್ಕ ಎಲ್ಲಿಡುವುದು? ಮುಂದಿನ ಸಲ ಬರುವಾಗ ಕೆಲವರು ವಾಕಡ್‌ನ ಬೇರೆ ಸೈಟಿಗೆ ಹೋಗಿರುತ್ತಾರೆ.

ಕರಣಿ_ಒಳಂಬಾ:

ದಪ್ಪ ಕಾಗದದ ಒಂದು ಕಾರ್ಡು, ಎಡಕ್ಕೆ ತುಂಡುಗಳ ಹೆಸರು ಕನ್ನಡದಲ್ಲಿ ಮತ್ತು ಮರಾಠಿಯಲ್ಲಿ, ಬಲಕ್ಕೆ ತಾರೀಖು ಮತ್ತು ಸಹಿ. ಹಾಜರಿಗೆ ಸಹಿ ಹಾಕಬೇಡಿ, ಕೆಲಸ ಮಾಡಿ ತೋರಿಸಿದ ಮೇಲೆ ಹಾಕಿ: ಫರ್ಮಾ ಅಳೆದ, ಮೂಲೆ ಹಿಡಿದ, ಅರ್ಜಿ ತುಂಬಿದ. ಕಾರ್ಡು ಅವರ ಹತ್ತಿರವೇ ಇರಲಿ, ಆಧಾರ್ ಇಡುವ ಪ್ಲಾಸ್ಟಿಕ್ ಕವರಿನಲ್ಲಿ. ಫೋಟೊ ತೆಗೆದು ನಿಮ್ಮ ಫೋನಿನಲ್ಲಿ ಒಂದು, ಅವರ ವಾಟ್ಸಾಪಿಗೆ ಒಂದು. ನಂಬರ್ ಪದೇ ಪದೇ ಬದಲಾಗುತ್ತದೆ, ಆದ್ದರಿಂದ ನಿಮ್ಮ ರಿಜಿಸ್ಟರಿನಲ್ಲಿ ಊರಿನ ಮನೆಯವರ ನಂಬರನ್ನೂ ಬರೆದುಕೊಳ್ಳಿ. ವಾಕಡ್ ಕಡೆ ಇಂಥದ್ದೇ ವರ್ಗ ನಡೆಸುವವರಿದ್ದರೆ ಅವರೂ ಇದೇ ಕಾರ್ಡು ಬಳಸಲಿ, ತುಂಡುಗಳ ಪಟ್ಟಿ ಮಾತ್ರ ಇಬ್ಬರದೂ ಒಂದೇ ಇರಬೇಕು.