ರೇಡಿಯೋ ಗ್ಯಾಲಕ್ಸಿಯಲ್ಲಿ ಹೆಚ್ಚುವರಿ ನೇರಳಾತೀತ: ಎಳೆಯ ನಕ್ಷತ್ರಗಳೋ, ಕೇಂದ್ರದ ಬೆಳಕೋ?

ಪ್ರಶ್ನೆ
ರೆಡ್‌ಶಿಫ್ಟ್ 0.3ರ (ಬೆಳಕಿನ ತರಂಗಾಂತರ 1.3 ಪಟ್ಟು ಹಿಗ್ಗಿ ಬರುವ) ಪ್ರಬಲ ರೇಡಿಯೋ ಗ್ಯಾಲಕ್ಸಿಯೊಂದರ ಸ್ಪೆಕ್ಟ್ರಮ್ ನೋಡುತ್ತಿದ್ದೇನೆ. 4000 ಆಂಗ್‌ಸ್ಟ್ರಾಮ್‌ಗಿಂತ ಕೆಳಗೆ (ಮೂಲ ತರಂಗಾಂತರ) ಮುದಿ ನಕ್ಷತ್ರಗಳ ಮಾದರಿಗಿಂತ ಬೆಳಕು ತುಂಬಾ ಹೆಚ್ಚಿದೆ. ಎಳೆಯ ನಕ್ಷತ್ರ ಸೇರಿಸಿದರೂ ಹೊಂದುತ್ತದೆ, ಪವರ್-ಲಾ (ಕೇಂದ್ರದ ಕಪ್ಪುರಂಧ್ರದ ಸುತ್ತಲಿನ ಬೆಳಕನ್ನು ಸೂಚಿಸುವ ನುಣುಪಾದ ವಕ್ರರೇಖೆ) ಸೇರಿಸಿದರೂ ಹೊಂದುತ್ತದೆ. ಕೇಂದ್ರ ನೇರವಾಗಿ ಕಂಡರೆ ಬರುವಂಥ ಅಗಲ ರೇಖೆಗಳಿಲ್ಲ. ಗ್ಯಾಲೆಕ್ಸ್ (ನೇರಳಾತೀತ ಬಾಹ್ಯಾಕಾಶ ದೂರದರ್ಶಕ) ತೆಗೆದ ದೂರ-ನೇರಳಾತೀತ ಚಿತ್ರದಲ್ಲೂ ಪ್ರಕಾಶಮಾನವಾಗಿದೆ. ಬೇರ್ಪಡಿಸುವುದು ಹೇಗೆ?

ಉತ್ತರ 1
ಮಾದರಿ ಹೊಂದಿಸುವ ಮೊದಲು ಅನಿಲದ ಬೆಳಕನ್ನು ಕಳೆಯಿರಿ. ಅಯಾನೀಕೃತ ಹೈಡ್ರೋಜನ್, ರೇಖೆಗಳ ಜೊತೆ ನಿರಂತರ ಬೆಳಕನ್ನೂ ಸೂಸುತ್ತದೆ. ಅದು 3646 ಆಂಗ್‌ಸ್ಟ್ರಾಮ್‌ನಲ್ಲಿ ನೀಲಿ ಕಡೆಗೆ ಥಟ್ಟನೆ ಏರುತ್ತದೆ. ಎಳೆಯ ನಕ್ಷತ್ರಗಳ ಬೆಳಕು ಅಲ್ಲೇ ಇಳಿಯುತ್ತದೆ. ಏರು-ಇಳಿವು ಒಂದನ್ನೊಂದು ನುಂಗಿ ನುಣುಪಾದ ಪವರ್-ಲಾ ಕಾಣುತ್ತದೆ. ನಿಮಗೆ ಎರಡೂ ಹೊಂದುತ್ತಿರುವುದಕ್ಕೆ ಬಹುಶಃ ಇದೇ ಕಾರಣ.

ಹೈಡ್ರೋಜನ್‌ನ ಎಚ್-ಬೀಟಾ ರೇಖೆಯ ಹರಿವನ್ನು ಅಳೆದು, ಅನಿಲದ ತಾಪ 10,000 ಕೆಲ್ವಿನ್ ಎಂದಿಟ್ಟುಕೊಂಡು ಅನಿಲದ ನಿರಂತರ ಬೆಳಕನ್ನು ಲೆಕ್ಕಹಾಕಿ. 3646ರ ಹತ್ತಿರ ಒತ್ತೊತ್ತಾಗಿ ಕೂಡುವ ಮೇಲಿನ ಬಾಮರ್ (ಹೈಡ್ರೋಜನ್) ರೇಖೆಗಳನ್ನೂ ಸೇರಿಸಿ ಕಳೆಯಿರಿ, ಇಲ್ಲದಿದ್ದರೆ ಅವೇ ನಿರಂತರ ಬೆಳಕಿನಂತೆ ಕಾಣುತ್ತವೆ. ಎಚ್-ಬೀಟಾದ ಕೆಳಗೆ ನಕ್ಷತ್ರಗಳ ಹೀರಿಕೆ ಇರುವುದರಿಂದ ಮೊದಲ ಅಳತೆ ಕಡಿಮೆ ಬರುತ್ತದೆ. ನಕ್ಷತ್ರ ಮಾದರಿ ಕಳೆದು ಮತ್ತೆ ಅಳೆಯಬೇಕು. ಆಮ್ಲಜನಕದ 3727, ನಿಯಾನ್‌ನ 3426 ಮತ್ತು 3869 ರೇಖೆಗಳಿರುವ ಜಾಗವನ್ನು ಹೊಂದಿಕೆಯಿಂದ ಬಿಡಿ. ಕ್ಯಾಲ್ಸಿಯಂ ಕೆ (3933) ಪರೀಕ್ಷೆಗೆ ಒಳ್ಳೆಯದು. ಕ್ಯಾಲ್ಸಿಯಂ ಎಚ್ (3968) ಬೇಡ, ಅಲ್ಲಿ ನಿಯಾನ್ ಮತ್ತು ಎಚ್-ಎಪ್ಸಿಲಾನ್ ಉತ್ಸರ್ಜನೆ ಬೆರೆತಿರುತ್ತದೆ.

ಪ್ರಶ್ನೆ ಕೇಳಿದವರು
ಧನ್ಯವಾದ. ಕಳೆದ ಮೇಲೆ 3646ರಲ್ಲಿ ಕೆಳಮುಖ ಮೆಟ್ಟಿಲು ಬಂತು. ಎಳೆಯ ನಕ್ಷತ್ರಗಳೇ ಅಂತ ಹೇಳಬಹುದೇ?

ಉತ್ತರ 1
ಈಗಲೇ ಬೇಡ. ಎಚ್-ಗಾಮಾ/ಎಚ್-ಬೀಟಾ ಅನುಪಾತ ನೋಡಿ. ಧೂಳಿಲ್ಲದಿದ್ದರೆ ಸುಮಾರು 0.47. ಅದಕ್ಕಿಂತ ಕಡಿಮೆಯಿದ್ದರೆ ಅನಿಲದ ಬೆಳಕು ಧೂಳಿನಿಂದ ಕೆಂಪಾಗಿದೆ, ನೀವು ನೀಲಿ ಕಡೆ ಅತಿಯಾಗಿ ಕಳೆದಿದ್ದೀರಿ, ಮೆಟ್ಟಿಲು ಅದರ ಫಲ. ಲೆಕ್ಕದ ಬೆಳಕಿಗೂ ಅದೇ ಧೂಳು ಹಾಕಿ ಕಳೆಯಿರಿ. ಆಮೇಲೂ ಮೆಟ್ಟಿಲು ಉಳಿದು, 3798, 3835ರಲ್ಲಿ ಹೀರಿಕೆ ಕಂಡರೆ ನಂಬಬಹುದು.

ಉತ್ತರ 2
ಧ್ರುವೀಕರಣ (ಬೆಳಕಿನ ಅಲೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಪ್ರಮಾಣ) ಅಳೆಯದೆ ಕೇಂದ್ರದ ಪಾಲು ತೀರ್ಮಾನವಾಗದು. ಮರೆಯಾದ ಕೇಂದ್ರದ ಬೆಳಕು ಧೂಳು, ಎಲೆಕ್ಟ್ರಾನ್‌ಗಳಿಂದ ಚದುರಿ ಬಂದರೆ ಧ್ರುವೀಕರಣದ ದಿಕ್ಕು ಸಾಮಾನ್ಯವಾಗಿ ರೇಡಿಯೋ ಅಕ್ಷಕ್ಕೆ (ಕೇಂದ್ರದಿಂದ ಚಿಮ್ಮುವ ರೇಡಿಯೋ ಧಾರೆಗಳ ದಿಕ್ಕಿಗೆ) ಲಂಬವಾಗಿರುತ್ತದೆ. 3500ರಲ್ಲಿ 4% ಸಿಕ್ಕಿತೆನ್ನಿ: ಚದುರಿದ ಬೆಳಕಿನ ಸ್ವಂತ ಧ್ರುವೀಕರಣ 20% ಆದರೆ ಒಟ್ಟು ಬೆಳಕಿನ ಐದನೇ ಒಂದು ಪಾಲು ಕೇಂದ್ರದ್ದು, 10% ಆದರೆ 40 ಪ್ರತಿಶತ. ಈ ಅನಿಶ್ಚಿತತೆಯನ್ನು ಬಚ್ಚಿಡದೆ ಬರೆಯಿರಿ. ಧ್ರುವೀಕರಣದ ಅಂಕಿ ಎಂದೂ ಋಣವಾಗದ ಕಾರಣ ಗದ್ದಲವೂ ಅದನ್ನು ಮೇಲಕ್ಕೆ ತಳ್ಳುತ್ತದೆ, ತಿದ್ದುಪಡಿ ಬೇಕು. ನಮ್ಮ ಗ್ಯಾಲಕ್ಸಿಯ ಧೂಳಿನ ಕೊಡುಗೆಯನ್ನು ಅಕ್ಕಪಕ್ಕದ ನಕ್ಷತ್ರಗಳಿಂದ ತಿಳಿಯಬಹುದು. ಧ್ರುವೀಕೃತ ಹರಿವಿನಲ್ಲಿ ಮೆಗ್ನೀಸಿಯಂನ 2800 ರೇಖೆ ಅಗಲವಾಗಿ ಕಂಡರೆ ಬಚ್ಚಿಟ್ಟ ಕ್ವೇಸಾರ್ (ಅತಿ ಪ್ರಕಾಶಮಾನ ಕೇಂದ್ರ) ಇದೆ ಎಂಬುದಕ್ಕೆ ಬಲವಾದ ಸಾಕ್ಷಿ. ನಿಮ್ಮ ರೆಡ್‌ಶಿಫ್ಟ್‌ನಲ್ಲಿ ಅದು 3640ಕ್ಕೆ ಬರುತ್ತದೆ, ನೆಲದ ದೂರದರ್ಶಕಕ್ಕೆ ಸಿಗುತ್ತದೆ.

ಉತ್ತರ 3
ಗ್ಯಾಲೆಕ್ಸ್ ಅಂಕಿಯನ್ನು ಹಾಗೆಯೇ ಮಾದರಿಗೆ ಹಾಕಬೇಡಿ. ಹೈಡ್ರೋಜನ್‌ನ ಲೈಮನ್-ಆಲ್ಫಾ ರೇಖೆ (1216) ನಿಮಗೆ 1581ರಲ್ಲಿ, ಅಂದರೆ ದೂರ-ನೇರಳಾತೀತ ಪಟ್ಟಿಯ (1344–1786) ಒಳಗೇ ಬೀಳುತ್ತದೆ. ಕಾರ್ಬನ್‌ನ 1549 ರೇಖೆ ಸಹ 2014ಕ್ಕೆ ಬಂದು ಸಮೀಪ-ನೇರಳಾತೀತ ಪಟ್ಟಿಗೆ ಸೇರುತ್ತದೆ. ಪ್ರಬಲ ರೇಡಿಯೋ ಗ್ಯಾಲಕ್ಸಿಗಳಲ್ಲಿ ಲೈಮನ್-ಆಲ್ಫಾ ಕೇಂದ್ರದಿಂದ ಬಹಳ ದೂರ ಹರಡಿರುತ್ತದೆ. ಗ್ಯಾಲೆಕ್ಸ್‌ನ ಸುಮಾರು 5 ಆರ್ಕ್‌ಸೆಕೆಂಡ್ ಮಸುಕು ಇಲ್ಲಿ 22 ಕಿಲೋಪಾರ್ಸೆಕ್‌ನಷ್ಟು, ಎಲ್ಲವೂ ಒಂದೇ ಚುಕ್ಕೆಯಾಗುತ್ತದೆ. ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕ ಯುವಿಐಟಿ 1.5 ಆರ್ಕ್‌ಸೆಕೆಂಡ್‌ವರೆಗೆ ಬಿಡಿಸುತ್ತದೆ. ಆ ವಸ್ತುವಿನ ದತ್ತಾಂಶ ಸಂಗ್ರಹದಲ್ಲಿದೆಯೇ ಮೊದಲು ನೋಡಿ. ಮುದಿ ನಕ್ಷತ್ರಗಳೂ 2000ಕ್ಕಿಂತ ಕೆಳಗೆ ಸ್ವಲ್ಪ ಬೆಳಕು ಕೊಡುತ್ತವೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.